ಸುಣ್ಣದ ಚುಕ್ಕಿ

ನನಗೆ ಮೆಕ್ಯಾನಿಕ್ ಕೆಲಸ ಕಲಿಸಿದ ಯಲ್ಲಾಪುರದ ಉಸ್ತಾದ್ ಮುನಾಫ್ ಚಾಚಾ, ಬಿಗಿದ ಪ್ರತಿ ನಟ್ಟಿಗೂ ತಮ್ಮ ಎಲೆಯಡಿಕೆ ಸುಣ್ಣದ ಚುಕ್ಕಿ ಇಡುತ್ತಿದ್ದರು. "ಚುಕ್ಕಿ ಇಲ್ದಿದ್ದು ಸಡಿಲ ಅಂತ ತಿಳ್ಕೋ, ಮುಬೀನ್" ಎನ್ನುತ್ತಿದ್ದರು.

ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಒಂದು ಬೆಳಿಗ್ಗೆ ಕಾಳಿ ನದಿಯ ಹಿನ್ನೀರಿನ ನಡುವೆ ಗೆಳೆಯ ಕಿಶೋರನ ಹಳೆ ಲಾಂಚು ಕೆಟ್ಟು ನಿಂತಿತು. ಅದರಲ್ಲಿದ್ದವರು ಅವನೂ ನಾನೂ ಇಬ್ಬರೇ. ಡೀಸೆಲ್ ಪೈಪಿನೊಳಗೆ ಗಾಳಿ ಸೇರಿ ಎಂಜಿನ್ ಮತ್ತೆ ಮತ್ತೆ ನಿಲ್ಲುತ್ತಿತ್ತು. ಗಾಳಿ ಎಲ್ಲಿಂದ ಎಂದು ಮಧ್ಯಾಹ್ನವಾದರೂ ತಿಳಿಯಲಿಲ್ಲ.

ಬುತ್ತಿ ಉಂಡು ಬಂದು ನೋಡಿದರೆ ನಟ್ಟುಗಳ ಮೇಲೆಲ್ಲ ಹಸಿ ಸುಣ್ಣದ ಚುಕ್ಕಿ. ಫಿಲ್ಟರಿನ ಹಿಂದಿನ ಒಂದಕ್ಕೆ ಮಾತ್ರ ಇರಲಿಲ್ಲ. ಅದನ್ನು ಬಿಗಿದೆ. ಎಂಜಿನ್ ನಿಲ್ಲದೆ ಓಡಿತು.

"ನೀನು ಎಲೆಯಡಿಕೆ ಹಾಕ್ತೀಯಾ?" ಎಂದು ಕಿಶೋರನನ್ನು ಕೇಳಿದೆ.

"ಇಲ್ಯೋ ಮಾರಾಯ, ಎಂತಕ್ಕೆ?"

ನಾನು ಮತ್ತೆ ಬಗ್ಗಿದೆ. ಈಗಷ್ಟೇ ಬಿಗಿದ ನಟ್ಟಿನ ಮೇಲೂ ಚುಕ್ಕಿ ಇತ್ತು.