ಪುಟವಿಲ್ಲದ ಚೀಟಿ

ಸೋಮವಾರ ಬೆಳಿಗ್ಗೆ ಎಂಟಕ್ಕೆ ಸಿಗ್ರಿಡ್ ಟ್ವೆಟ್ ಕಚೇರಿಯ ಬಾಗಿಲು ತೆರೆದಾಗ ವಕೀಲ ಲೊವೆಲ್ ಪೆನ್ರೋಸ್ ಮೆಟ್ಟಿಲ ಬುಡದಲ್ಲಿ ಅಂಗಾತ ಬಿದ್ದಿದ್ದರು. ಮೈ ತಣ್ಣಗಾಗಿತ್ತು. ಮೂವತ್ತೊಂದು ವರ್ಷ ಅವರ ಕಾರ್ಯದರ್ಶಿಯಾಗಿದ್ದವಳು ಕೂಗಲಿಲ್ಲ. ಪಕ್ಕದಲ್ಲಿ ಕುಳಿತು ಅವರ ಕೋಟಿನ ಗುಂಡಿ ಹಾಕಿದಳು. ಆಮೇಲೆ ಪೊಲೀಸರಿಗೆ ಫೋನ್ ಮಾಡಿದಳು.

ಪತ್ತೇದಾರಿ ಡೋರಾ ಕಿನ್ಸೆಲಾ ಮೊದಲು ಗುಂಡಿಯ ವಿಷಯಕ್ಕೆ ಗದರಿದಳು. ನಂತರ ಎಪ್ಪತ್ತನಾಲ್ಕು ವರ್ಷದವರು, ಕಾಲು ಜಾರಿರಬೇಕು ಎಂದಳು.

"ಇಳಿಯುವಾಗ ಜಾರಿದ್ರೆ ಮುಖ ಹೀಗೆ ಮೇಲಾಗಿರ್ತಿರ್ಲಿಲ್ಲ," ಎಂದಳು ಸಿಗ್ರಿಡ್. "ಮೇಲಿನ ಮೆಟ್ಟಿಲಲ್ಲಿ ಯಾರಿಗೋ ಎದುರಾಗಿ ನಿಂತಿದ್ರು. ಒಳಗೆ ಬನ್ನಿ, ಎರಡು ಕಾಫಿ ಲೋಟ ತೊಳೆದಿಟ್ಟಿದೆ. ಈ ಮನುಷ್ಯ ಜನ್ಮದಲ್ಲಿ ಒಂದು ಲೋಟ ತೊಳೆದವರಲ್ಲ."

ಡೋರಾ ಲೋಟಗಳನ್ನು ನೋಡಿದಳು. ಬೀಗ ಮುರಿದಿರಲಿಲ್ಲ. ಬಂದವನಿಗೆ ಪೆನ್ರೋಸ್ ತಾವೇ ಬಾಗಿಲು ತೆಗೆದಿದ್ದರು, ಇಲ್ಲವೇ ಅವನ ಬಳಿ ಕೀಲಿ ಇತ್ತು. ಸತ್ತದ್ದು ಭಾನುವಾರ ಮಧ್ಯಾಹ್ನ ಎಂದರು ವೈದ್ಯರು.

*

ಹೆಲೆನಾ ಊರಿನಲ್ಲಿ ಪೆನ್ರೋಸ್ ನಲವತ್ತೊಂದು ವರ್ಷ ಮೇಲ್ಮನವಿಗಳನ್ನೇ ನಡೆಸಿದವರು. ಒಬ್ಬ ಸಾಕ್ಷಿಯನ್ನೂ ಪ್ರಶ್ನಿಸಿದವರಲ್ಲ. ಕೆಳಗಿನ ನ್ಯಾಯಾಲಯದಲ್ಲಿ ಆಡಿದ ಮಾತೆಲ್ಲ ಅಚ್ಚಾಗಿ ಬರುತ್ತಿತ್ತು. ಅದನ್ನು ಓದುವುದೇ ಅವರ ಕಸುಬು. ದಾಖಲೆಯಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎನ್ನುತ್ತಿದ್ದರು. ಕಕ್ಷಿದಾರನನ್ನು "ನೀನು ಮಾಡಿದೆಯಾ" ಎಂದು ಕೇಳುತ್ತಲೂ ಇರಲಿಲ್ಲ. ಒಂದೊಂದು ಸಂಗತಿಗೂ ಒಂದೊಂದು ಚೀಟಿ, ಚೀಟಿಯ ಮೇಲೆ ದಾಖಲೆಯ ಪುಟ, ಸಾಲಿನ ಸಂಖ್ಯೆ. ಇಷ್ಟು ಒಣ ಕೆಲಸದಿಂದ ಹನ್ನೊಂದು ಜನರನ್ನು ಸೆರೆಮನೆಯಿಂದ ಹೊರತಂದಿದ್ದರು.

ಹನ್ನೆರಡನೆಯವನು ವೆಸ್ಲಿ ಡೂಫ್ರೇನ್. ಪೆಟ್ರೋಲ್ ಬಂಕಿನ ಮಾಲೀಕನನ್ನು ಕೊಂದನೆಂದು ಇಪ್ಪತ್ತನಾಲ್ಕು ವರ್ಷದಿಂದ ಡಿಯರ್ ಲಾಡ್ಜ್ ಸೆರೆಮನೆಯಲ್ಲಿದ್ದ. ಅವನು ಓಡುವುದನ್ನು ಕಂಡೆ ಎಂದವಳು ಓರಾ ಮಿಂಗ್ಸ್ ಎಂಬ ಒಬ್ಬಳೇ ಮುದುಕಿ. ಗುರುವಾರ ವಾದ. ಇದೇ ಅವನ ಕೊನೆಯ ಮೇಲ್ಮನವಿ. ಗೆಲ್ಲದಿದ್ದರೆ ಅವನು ಅಲ್ಲೇ ಸಾಯಬೇಕು.

ಅನುಮಾನ ಮೊದಲು ಕಿರಿಯ ವಕೀಲ ಗ್ರಾಂಟ್ ಬ್ಯಾಸ್ಕಮ್ ಮೇಲೆ ಬಿತ್ತು. ಅವನ ಬಳಿ ಕೀಲಿ ಇತ್ತು. ಶನಿವಾರ ಇಬ್ಬರಿಗೂ ಜೋರು ಜಗಳವಾಗಿತ್ತು. ಪೆನ್ರೋಸ್ ಹೊಸದೊಂದು ಅಂಶ ಸಿಕ್ಕಿದೆ ಎನ್ನುತ್ತಾರೆ, ಏನೆಂದು ಮಾತ್ರ ಹೇಳುವುದಿಲ್ಲ, ನಾನೇನು ಹೊರಗಿನವನೇ ಎಂದು ರೇಗಿದ್ದನ್ನು ಅವನೇ ಹೇಳಿದ. ಭಾನುವಾರ ಎಲ್ಲಿದ್ದೆ ಎಂದರೆ ಒಬ್ಬನೇ ಮೀನು ಹಿಡಿಯುತ್ತಿದ್ದೆ ಎಂದ. ಮೀನೂ ಸಿಕ್ಕಿರಲಿಲ್ಲ, ಸಾಕ್ಷಿಯೂ ಇರಲಿಲ್ಲ. ಡೋರಾ ಅವನನ್ನು ಠಾಣೆಗೆ ಕರೆದುಕೊಂಡು ಹೋದಳು.

*

ಮಂಗಳವಾರ ಸಿಗ್ರಿಡ್, ಡೂಫ್ರೇನ್ ಕೇಸಿನ ಪೆಟ್ಟಿಗೆಯ ಚೀಟಿಗಳನ್ನು ಒಂದೊಂದಾಗಿ ನೋಡಿದಳು. ಅವರು ಹೇಳಿದಂತೆ ಎಲ್ಲವನ್ನೂ ಬರೆದವಳು ಅವಳೇ. ನಡುವೆ ಒಂದು ಮಾತ್ರ ಪೆನ್ರೋಸ್ ಕೈಬರಹದ್ದು, ಶುಕ್ರವಾರದ ತಾರೀಖಿನದು. "ಓರಾ. ಅಡುಗೆಮನೆ ಕಿಟಕಿ." ಪುಟ ಇಲ್ಲ. ಸಾಲೂ ಇಲ್ಲ.

ಪುಟವಿಲ್ಲದ ಚೀಟಿಯನ್ನು ಆ ಮನುಷ್ಯ ಎಂದೂ ಬರೆದವರಲ್ಲ, ಬರೆಸಿದವರೂ ಅಲ್ಲ.

ಠಾಣೆಗೆ ಹೋಗಿ ಬ್ಯಾಸ್ಕಮ್‌ನನ್ನು ಒಂದೇ ಪ್ರಶ್ನೆ ಕೇಳಿದಳು: ಡೂಫ್ರೇನ್ ಓಡುವುದನ್ನು ಕಂಡಾಗ ಓರಾ ಎಲ್ಲಿದ್ದಳು?

"ಮುಂದಿನ ಜಗಲಿಯಲ್ಲಿ. ಸಾವಿರದ ನೂರ ನಲವತ್ತಮೂರನೇ ಪುಟ," ಎಂದ ಅವನು, ತಲೆ ಎತ್ತದೆ.

ಬುಧವಾರ ಹಾರ್ಲನ್ ಬಿಕ್‌ಫರ್ಡ್ ಸಂತಾಪಕ್ಕೆಂದು ಬೇಯಿಸಿದ ಹಂದಿಮಾಂಸದ ತಟ್ಟೆ ಹಿಡಿದು ಬಂದ. ಡೂಫ್ರೇನ್‌ನನ್ನು ಜೈಲಿಗಟ್ಟಿದ ಸರ್ಕಾರಿ ವಕೀಲ ಇವನೇ. ಈಗ ನಿವೃತ್ತ. ಅವನೂರಿನ ಹೊಸ ನ್ಯಾಯಾಲಯಕ್ಕೆ ಅವನ ಹೆಸರನ್ನೇ ಇಡುವವರಿದ್ದರು. ಎದುರಾಳಿಯಾದರೂ ಪ್ರತಿ ಶುಕ್ರವಾರ ಪೆನ್ರೋಸ್ ಜೊತೆ ಊಟ ಮಾಡುತ್ತಿದ್ದ. ಮೊನ್ನೆ ಶುಕ್ರವಾರದ ಊಟವೇ ಕೊನೆಯದಾಯಿತು, ಆಮೇಲೆ ಮುಖವನ್ನೂ ನೋಡಲಿಲ್ಲ ಎಂದು ಕಣ್ಣೊರೆಸಿಕೊಂಡ.

"ನೋಡು ಸಿಗ್ರಿಡ್, ಲೊವೆಲ್‌ಗೆ ಅದೇನೋ ಹೊಸ ಅಂಶ ಸಿಕ್ಕಿತ್ತಂತಲ್ಲ, ಏನದು?" ಎಂದ. "ಪಾಪ, ನಿನಗೂ ಹೇಳ್ಲಿಲ್ವಾ? ಬಿಡು, ಆ ಕೇಸಲ್ಲಿ ಏನೂ ಇಲ್ಲ. ಆ ಮುದುಕಿ ಅಡುಗೆಮನೆ ಕಿಟಕಿ ಹತ್ರ ಸೇಬು ಹೆಚ್ತಾ ಕೂತಿದ್ಲು. ಸುಳ್ಳು ಹೇಳಿ ಅವಳಿಗೇನಾಗ್ಬೇಕಿತ್ತು?"

ಸಿಗ್ರಿಡ್ ತಟ್ಟೆ ತೆಗೆದುಕೊಂಡು ಧನ್ಯವಾದ ಹೇಳಿದಳು. ಅವನು ಹೋದ ಮೇಲೆ ಮಾಂಸವನ್ನು ಕಸಕ್ಕೆ ಹಾಕಿ ಡೋರಾಳಿಗೆ ಫೋನ್ ಮಾಡಿದಳು.

*

ಅಂದೇ ಸಂಜೆ ಠಾಣೆಯಲ್ಲಿ ಬಿಕ್‌ಫರ್ಡ್ ಎದುರಿಗೇ ಅವಳು ಬಿಡಿಸಿ ಹೇಳಿದಳು.

"ಎರಡು ಸಾವಿರದ ಮುನ್ನೂರು ಪುಟದಲ್ಲಿ ಅಡುಗೆಮನೆ ಇಲ್ಲ, ಸೇಬೂ ಇಲ್ಲ. ಓರಾ ನಿಜ ಹೇಳಿದ್ದು ವಿಚಾರಣೆಗೆ ಮುಂಚೆ, ನಿಮ್ಮ ಕೋಣೇಲಿ. ಅಲ್ಲಿನ ಪೊಲೀಸರು ಮನೆ ನೋಡಿ ಹೇಳಿದ್ರು, ಆ ಕಿಟಕಿ ಇರೋದು ಗುಡ್ಡದ ಕಡೆಗೆ, ರಸ್ತೆ ಕಾಣಲ್ಲ. ಅದಕ್ಕೇ ಸಾಕ್ಷಿ ಹೇಳಿಸುವಾಗ ಅವಳನ್ನ ಜಗಲಿಗೆ ತಂದು ಕೂರಿಸಿದ್ರಿ. ವಿಚಾರಣೆ ನಡೆಸಿದ ವಕೀಲರಿಗೆ ನಡೆದದ್ದೆಲ್ಲ ನೆನಪಿರುತ್ತೆ; ಯಾವುದು ಕೋರ್ಟಲ್ಲಿ ನಡೀತು, ಯಾವುದು ಹೊರಗೆ ಅನ್ನೋದು ಕಲಸಿಹೋಗುತ್ತೆ. ನಮ್ಮವರಿಗೆ ಓದಿದ್ದು ಬಿಟ್ಟು ಬೇರೇನೂ ಗೊತ್ತಿರ್ಲಿಲ್ಲ. ಶುಕ್ರವಾರ ನಿಮ್ಮ ಬಾಯಿಂದ ಆ ಮಾತು ಜಾರಿದ ಕೂಡ್ಲೇ ಹಿಡಿದ್ರು."

ಬಿಕ್‌ಫರ್ಡ್ ನಕ್ಕ. ಬಾಯಿ ತಪ್ಪಿ ಆಡಿದ ಮಾತು ಕೊಲೆಯೇ ಎಂದ.

"ಅಲ್ಲ," ಎಂದಳು ಡೋರಾ. "ಆದ್ರೆ ಹೊಸ ಅಂಶ ಹುಟ್ಟಿದ್ದೇ ಆ ಊಟ ಆದ್ಮೇಲೆ. ಅಂಥದ್ದೊಂದು ಇದೆ ಅನ್ನೋದು ಬ್ಯಾಸ್ಕಮ್ ಒಬ್ಬನಿಗೆ ಗೊತ್ತಿತ್ತು; ಅವನು ನಿಮಗೆ ಹೇಳಿಲ್ಲ, ಸೋಮವಾರದಿಂದ ನನ್ನ ಹತ್ರಾನೇ ಇದಾನೆ. ಪೆನ್ರೋಸ್ ನಿಮಗೆ ಫೋನ್ ಮಾಡಿಲ್ಲ, ವಿಚಾರಿಸಿದೀನಿ. ಆಮೇಲೆ ಮುಖವನ್ನೇ ನೋಡದವರಿಗೆ ಹೇಳಿದ್ದು ಯಾರು?"

ಆಮೇಲೆ ಎಲ್ಲ ಹೊರಬಂತು. ಭಾನುವಾರ ಪೆನ್ರೋಸ್ ಅವನ ಮನೆಯವರೆಗೂ ಹೋಗಿ ಕರೆತಂದಿದ್ದರು. ನೀನೇ ನ್ಯಾಯಾಲಯಕ್ಕೆ ಹೇಳು, ಮರ್ಯಾದೆ ಉಳಿಯುತ್ತದೆ ಎಂದರು.

"ಏನು ಹೇಳ್ಬೇಕು ಅಂತ ಕೇಳ್ದೆ. ನಿನಗೇ ಗೊತ್ತು ಅಂದ. ಯಾವುದು ಅಂತ ನಂಗೆ ಗೊತ್ತಿರ್ಲಿಲ್ಲ. ಮುಚ್ಚಿಟ್ಟದ್ದು ಅದೊಂದೇ ಆಗಿದ್ರೆ ಗೊತ್ತಾಗ್ತಿತ್ತು," ಎಂದ ಬಿಕ್‌ಫರ್ಡ್. ಮೆಟ್ಟಿಲವರೆಗೂ ಬೇಡಿಕೊಂಡು ಬಂದು, ಕೊನೆಗೆ ನೂಕಿದ್ದ.

ಸ್ನೇಹಿತನಿಗೆ ಮರ್ಯಾದೆ ಉಳಿಸಲು ಹೋಗಿ ಪೆನ್ರೋಸ್ ಪ್ರಾಣ ಕೊಟ್ಟಿದ್ದರು. ಸಿಗ್ರಿಡ್‌ಗೆ ಅವರ ಮೇಲೆ ಸಿಟ್ಟು ಬಂತು. ಆಗ ಅಳು ಬಂತು.

*

ಗುರುವಾರ ಬ್ಯಾಸ್ಕಮ್ ವಾದಿಸಿದ. ದಾಖಲೆಯ ಹೊರಗಿನದನ್ನು ಮೇಲಿನ ನ್ಯಾಯಾಲಯ ಕೇಳುವಂತಿರಲಿಲ್ಲ. ಹಾಗಾಗಿ ಕೇಸನ್ನು ಹೊಸ ವಿಚಾರಣೆಗೆ ಹಿಂದಕ್ಕೆ ಕಳಿಸಿ ಎಂದಷ್ಟೇ ಬೇಡಿದ. ಸರ್ಕಾರವೂ ಅಡ್ಡಿ ಮಾಡಲಿಲ್ಲ. ನ್ಯಾಯಾಧೀಶರು ಒಪ್ಪಿದರು.

ಸುದ್ದಿ ಹೇಳಲು ಸಿಗ್ರಿಡ್ ಸೆರೆಮನೆಗೆ ಹೋದಳು. ಡೂಫ್ರೇನ್ ಗಾಜಿನಾಚೆ ಕುಳಿತು ಪೂರ್ತಿ ಕೇಳಿದ. ಆ ಪುಟಗಳನ್ನೆಲ್ಲ ತಾನೂ ಓದಿದ್ದೇನೆ ಎಂದ. ಅವನ ಅಂದಿನ ವಕೀಲ ಅವನನ್ನು ಬಾಯಿ ಬಿಡಲು ಬಿಟ್ಟಿರಲಿಲ್ಲ. ಅಷ್ಟು ಪುಟಗಳಲ್ಲಿ ಅವನದೊಂದು ಮಾತೂ ಇರಲಿಲ್ಲ.

"ಈ ಸಲ ನನ್ನ ಕೇಳ್ತಾರಾ, ಮೇಡಂ?"

"ಕೇಳ್ತಾರೆ."

ಅವನು ಎರಡೂ ಕೈಯನ್ನು ಮೇಜಿನ ಮೇಲಿಟ್ಟ. ಹೇಗೆ ಹೇಳಬೇಕೋ ಅಭ್ಯಾಸ ತಪ್ಪಿಹೋಗಿದೆ, ನಿಮ್ಮೆದುರು ಒಂದು ಸಲ ಹೇಳಿ ನೋಡಲೇ ಎಂದ. ಸಿಗ್ರಿಡ್ ಹೂಂ ಎಂದಳು.

"ನಾನು ಕೊಂದಿಲ್ಲ," ಎಂದ ವೆಸ್ಲಿ ಡೂಫ್ರೇನ್.