ಪೋಸ್ಟರಿನ ಬೆನ್ನು

"ಅದೊಂದನ್ನ ಮಾತ್ರ ಮುಟ್ಟಬೇಡಿ ಮೇಡಂ" ಎಂದು ಪೋಸ್ಟರ್ ಅಂಟಿಸುವವನು ಏಣಿಯ ಮೇಲಿಂದಲೇ ಹೇಳಿದ. "ಉಳಿದಿದ್ದು ಎಷ್ಟು ಬೇಕೋ ಅಷ್ಟು ಕಿತ್ಕೊಳ್ಳಿ. ಗೋಡೆಗೂ ಭಾರ ಇಳಿಯುತ್ತೆ."

ಉಪನ್ಯಾಸಕಿ ಒದ್ದೆ ಸ್ಪಂಜು ಹಿಂಡುತ್ತ ನಕ್ಕಳು. "ಯಾಕೆ, ಕರೆಂಟ್ ಹೊಡೆಯುತ್ತಾ?"

"ಕರೆಂಟಾದ್ರೆ ಕೈ ಬಿಡಿಸ್ಕೋಬಹುದು."

ಬಸ್ ನಿಲ್ದಾಣದ ಹಿಂದಿನ ಗೋಡೆ ಅದು. ವರ್ಷಗಟ್ಟಲೆ ಒಂದರ ಮೇಲೊಂದು ಅಂಟಿದ ಸಿನಿಮಾ, ಟ್ಯೂಷನ್, ಹಲ್ಲಿನ ಆಸ್ಪತ್ರೆಗಳ ಪೋಸ್ಟರುಗಳು ಹಪ್ಪಳದಂತೆ ಉಬ್ಬಿ ನಿಂತಿದ್ದವು. ನಡುವೆ ಒಂದೇ ಒಂದು ಕಪ್ಪು ಬಿಳುಪು ಹಾಳೆ. ಅದರ ಸುತ್ತ ನಾಲ್ಕೂ ಕಡೆ ಒಂದು ಗೇಣು ಜಾಗ ಖಾಲಿ. ಯಾವ ಅಂಟಿಸುವವನೂ ಆ ಗೇಣನ್ನು ದಾಟಿರಲಿಲ್ಲ. ಮೇಲೆ 'ಕಾಣೆಯಾಗಿದ್ದಾಳೆ' ಎಂಬ ದಪ್ಪ ಅಕ್ಷರ, ಕೆಳಗೆ ಫೋನ್ ನಂಬರು, ಮಧ್ಯೆ ಹತ್ತೊಂಬತ್ತರ ಹುಡುಗಿಯ ಮುಖ. ಗಲ್ಲದ ಮೇಲೊಂದು ಮಚ್ಚೆ. ಬಿಸಿಲಿಗೆ ಶಾಯಿ ನೀಲಿಗೆ ತಿರುಗಿ, ಆ ಮುಖ ನೀರಿನಡಿಯಿಂದ ನೋಡುತ್ತಿರುವಂತಿತ್ತು.

"ಹೊಲಿಗೆಯಕ್ಕನ ಮಗಳು" ಎಂದ ಅವನು, ದನಿ ತಗ್ಗಿಸಿ. "ಇಲ್ಲಿಂದಲೇ ಬಸ್ ಹತ್ತಿದ್ದು. ನಾನು ಮೈದಾಗೆ ಮೈಲುತುತ್ತ ಹಾಕಿ ಅಂಟು ಕಾಯಿಸ್ತೀನಿ, ಹುಳ ಹಿಡೀದಿರಲಿ ಅಂತ. ಅಕ್ಕ ತನ್ನ ಅಂಟಿಗೆ ಏನು ಹಾಕ್ತಾಳೋ ಗೊತ್ತಿಲ್ಲ. ಕಲಸುವಾಗ ಬಾಯಲ್ಲಿ ಏನೋ ಅಂತಾ ಇರ್ತಾಳೆ. ಹೋದ ವರ್ಷ ಒಬ್ಬ ಕುಡಿದು ಹರಿದ. ಆಮೇಲೆ ಅವನ ಮನೇಲಿ ಅವನಿಗೆ ಬಾಗಿಲೇ ತೆಗೀಲಿಲ್ಲ."

"ಕುಡಿದು ಹೋದ್ರೆ ನಮ್ಮಮ್ಮನೂ ತೆಗೆಯೋದಿಲ್ಲ" ಎಂದಳು ಉಪನ್ಯಾಸಕಿ. "ಪಿಷ್ಟ ಬಿಸಿನೀರಲ್ಲಿ ಉಬ್ಬಿದ್ರೆ ಅಂಟಾಗುತ್ತೆ ಕಣಪ್ಪ. ಅದರೊಳಗೆ ಮಂತ್ರಕ್ಕೆ ಜಾಗ ಎಲ್ಲಿದೆ?"

ಅವನು ಕೆಳಗಿಳಿದ. ಏಣಿಯನ್ನು ಹೆಗಲಿಗೇರಿಸಿ ಹೊರಟುಹೋದ.

ಅವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ವರ್ಗವಾಗಿ ಈ ಊರಿಗೆ ಬಂದು ಮೂರು ತಿಂಗಳಾಗಿತ್ತು. ಜೊತೆಗಿದ್ದದ್ದು ಅಮ್ಮ ಒಬ್ಬಳೇ. ಭಾನುವಾರಗಳಲ್ಲಿ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಹತ್ತು ಜನ ಸೇರಿ ಹಳೆಯ ಕಾಗದಗಳಿಂದ ಕೊಲಾಜ್ ಮಾಡುತ್ತಿದ್ದರು: ಔಷಧಿ ಡಬ್ಬಿ, ಬಸ್ ಟಿಕೆಟ್, ಕ್ಯಾಲೆಂಡರ್, ಸೀರೆಯಂಗಡಿಯ ಚೀಲ. ಅವರಲ್ಲೊಂದು ಪದ್ಧತಿಯಿತ್ತು. ತಿಂಗಳಿಗೊಮ್ಮೆ ಪ್ರತಿಯೊಬ್ಬರೂ ತಮಗೆ ಸಿಕ್ಕ ಚಂದದ ತುಂಡುಗಳನ್ನು ಒಂಬತ್ತು ಲಕೋಟೆಗಳಲ್ಲಿ ಹಾಕಿ ಉಳಿದ ಒಂಬತ್ತು ಮಂದಿಗೆ ಹಂಚಬೇಕು. ಮುಂದಿನ ತಿಂಗಳು ಎಲ್ಲರೂ ಆ ತುಂಡುಗಳಿಂದ ಮಾಡಿದ್ದನ್ನು ತಂದು ತೋರಿಸಬೇಕು. ಹೋದ ಸಲ ಅವಳ ಲಕೋಟೆ ಬಿಚ್ಚಿದವರು "ಪರವಾಗಿಲ್ಲ" ಎಂದಿದ್ದರು. ಆ 'ಪರವಾಗಿಲ್ಲ' ಅವಳ ಗಂಟಲಲ್ಲಿ ಮುಳ್ಳಾಗಿ ಉಳಿದಿತ್ತು. ಈ ಸಲ ಎಲ್ಲರೂ ಬೆರಗಾಗಬೇಕು. ಅಷ್ಟೇ ಕಾರಣ. ಮುಂದೆ ಎಷ್ಟು ಹುಡುಕಿದರೂ ಇದಕ್ಕಿಂತ ದೊಡ್ಡ ಕಾರಣ ಅವಳಿಗೆ ಸಿಗಲಿಲ್ಲ.

ಮೂಲೆಗೆ ನೀರು ಒತ್ತಿ, ಚಪ್ಪಟೆ ಚಾಕು ತೂರಿಸಿದಳು. ಉಳಿದ ಪೋಸ್ಟರುಗಳು ಚೂರುಚೂರಾಗಿ ಬಂದಿದ್ದವು. ಇದು ಇಡಿಯಾಗಿ ಬಂತು. ಕಾಯುತ್ತಿದ್ದಂತೆ ಬಂತು.

ಮನೆಯ ಸಿಂಕಿನಲ್ಲಿ ಹಾಳೆಯನ್ನು ಬೋರಲು ಹಾಕಿ ಬೆನ್ನಿನ ಅಂಟು ತೊಳೆದಳು. ಹಳಸಿದ ಹಿಟ್ಟಿನ ವಾಸನೆಯನ್ನು ನಿರೀಕ್ಷಿಸಿದ್ದಳು. ಬಂದದ್ದು ಬೇರೆ ವಾಸನೆ.

"ಏನೇ ಮರಿ ಅದು, ಕೂದಲು ಸುಟ್ಟ ಹಾಗೆ?" ಎಂದು ಅಮ್ಮ ಒಳಗಿಂದ ಕೂಗಿದಳು.

ಅಂಟು ಕರಗಿದಂತೆ ಬೂದು ಬಣ್ಣದ ಗೆರೆಗಳು ಮೇಲೆದ್ದವು. ಪೆನ್ಸಿಲ್ ಬರಹ. ಹೊಲಿಗೆಯ ದಾರದಂತೆ ಸಣ್ಣದಾಗಿ, ಅಂಚಿನಿಂದ ಅಂಚಿಗೆ, ಒಂದೇ ಸಾಲು ಮತ್ತೆ ಮತ್ತೆ. ಗೋಡೆಗೆ ಮುಖ ಮಾಡಿ ಇಷ್ಟು ದಿನ ಯಾರಿಗೂ ಕಾಣದೆ ಕೂತಿದ್ದ ಸಾಲು: *ಇದನ್ನು ಕಿತ್ತವರ ಮುಖ ಅವರ ಹೆತ್ತವಳಿಗೆ ಗುರುತು ಸಿಗದಿರಲಿ.*

ಅವಳ ಮೈ ಜುಮ್ಮೆಂದಿತು. ಭಯದಿಂದಲ್ಲ, ಸಂತೋಷದಿಂದ. ಇಂಥ ಸಾಮಗ್ರಿ ಯಾರಿಗೆ ಸಿಗುತ್ತದೆ! ಒಣಗಿದ ಮೇಲೆ ಮುಖವನ್ನು ಹತ್ತು ತುಂಡು ಮಾಡಿದಳು. ಕಣ್ಣುಗಳ ಪಟ್ಟಿಯನ್ನು ತನಗಿಟ್ಟುಕೊಂಡು ಉಳಿದವನ್ನು ಲಕೋಟೆಗಳಿಗೆ ಹಾಕಿದಳು. ಫೋನ್ ನಂಬರಿನ ಸಾಲು ಚಂದ ಕಾಣಲಿಲ್ಲ. ಅದನ್ನು ಕತ್ತರಿಸಿ ಕಸದ ಬುಟ್ಟಿಗೆ ಎಸೆದಳು.

ಭಾನುವಾರ ಲಕೋಟೆ ಬಿಚ್ಚಿದವರೆಲ್ಲ "ಅಬ್ಬಾ" ಎಂದರು. ಬಳಗದ ಹಿರಿಯ, ನಿವೃತ್ತ ಅಂಚೆ ಗುಮಾಸ್ತ, ಎಲ್ಲರ ಬಾಯಲ್ಲಿ 'ಗೋಂದು ಮಾಮ'. ಅವನಿಗೆ ಮಚ್ಚೆಯಿದ್ದ ಗಲ್ಲ ಬಂದಿತ್ತು. ಕನ್ನಡಕ ಏರಿಸಿ ನೋಡಿ, "ಯಾರಮ್ಮ ಇದು?" ಎಂದ.

"ಯಾರೋ ಮಾಮ. ಗೋಡೆ ಮೇಲಿದ್ದವಳು" ಎಂದಳು ಉಪನ್ಯಾಸಕಿ.

ಆ ವಾರದಿಂದಲೇ ಅವಳ ಮುಖ ಬಿಗಿಯತೊಡಗಿತು. ಬೆಳಿಗ್ಗೆ ಎದ್ದರೆ ಕೆನ್ನೆಯ ಮೇಲೆ ಅಂಟು ಒಣಗಿದಂಥ ಎಳೆತ. ಉಜ್ಜಿದರೆ ಬಿಳಿ ಪುಡಿ ಉದುರುತ್ತಿತ್ತು. ಒಣ ಚರ್ಮ, ಹೊಸ ಊರಿನ ಗಡಸು ನೀರು ಎಂದು ಲೆಕ್ಕ ಹಾಕಿ ಮುಲಾಮು ತಂದಳು. ಅಮ್ಮ ತಿಂಡಿ ಬಡಿಸುವಾಗ ಅವಳ ಮುಖವನ್ನೇ ಒಂದು ಗಳಿಗೆ ಹೆಚ್ಚು ನೋಡುತ್ತಿದ್ದಳು. "ಏನಮ್ಮ?" ಎಂದರೆ "ಏನಿಲ್ಲ, ಕಣ್ಣು ಮಂಜು" ಎನ್ನುತ್ತಿದ್ದಳು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದಳು. ದಿನದಿನಕ್ಕೂ ಒರೆಸುವುದು ಹೆಚ್ಚಾಯಿತು.

ಮುಂದಿನ ತಿಂಗಳ ಪ್ರದರ್ಶನದಲ್ಲಿ ಹತ್ತು ಕೃತಿಗಳು ಗೋಡೆಯ ಮೇಲಿದ್ದವು. ಒಂದರಲ್ಲಿ ಹುಡುಗಿಯ ತುಟಿ ಹೂವಾಗಿತ್ತು, ಇನ್ನೊಂದರಲ್ಲಿ ಕಿವಿ ಶಂಖವಾಗಿತ್ತು. ಉಪನ್ಯಾಸಕಿಯದರಲ್ಲಿ ಕಣ್ಣುಗಳ ಪಟ್ಟಿ ಬೋರಲಾಗಿತ್ತು. ಬೆನ್ನಿನ ಪೆನ್ಸಿಲ್ ಸಾಲು ಮೇಲಿತ್ತು. ಎಲ್ಲರೂ ಅದನ್ನು ಓದಿ ಹಗುರವಾಗಿ ನಡುಗಿ, ಚಪ್ಪಾಳೆ ತಟ್ಟಿದರು. ಅವಳು ಹೆಮ್ಮೆಯಿಂದ ಬೀಗಿದಳು.

ಅಂದು ಮುಸ್ಸಂಜೆ ಮನೆಯ ಗಂಟೆ ಒತ್ತಿದಳು. ಮೆಟ್ಟಿಲ ಬಳಿ ದೀಪವಿರಲಿಲ್ಲ. ಆ ಕತ್ತಲಲ್ಲಿ ಕೂದಲು ಸುಟ್ಟ ವಾಸನೆ ದಟ್ಟವಾಗಿತ್ತು. ಎಲ್ಲೋ ಹತ್ತಿರದಲ್ಲೇ ಒದ್ದೆ ಕುಂಚ ಗೋಡೆಗೆ ಬಡಿಯುವ ಸದ್ದು. ಚಪ್. ಚಪ್. ತಿರುಗಿದರೆ ಯಾರೂ ಇಲ್ಲ.

ಬಾಗಿಲು ನಾಲ್ಕು ಬೆರಳು ತೆರೆಯಿತು. ಅಮ್ಮನ ಮುಖ.

"ಯಾರು ಬೇಕಿತ್ತು?"

"ತಮಾಷೆ ಸಾಕಮ್ಮ, ತೆಗಿ."

ಅಮ್ಮ ಹಿಂದೆ ಸರಿದಳು. "ನಮ್ಮ ಮರಿ ದನಿ ಹಾಗೇ ಮಾತಾಡ್ತೀಯಲ್ಲ! ಯಾರಮ್ಮ ನೀನು? ಅವಳ ಬಟ್ಟೆ ಯಾಕೆ ಹಾಕ್ಕೊಂಡಿದ್ದೀಯ?"

ಬಾಗಿಲು ಮುಚ್ಚಿತು. ಚಿಲಕದ ಸದ್ದು. ಮರುಕ್ಷಣ ಅವಳ ಕೈಚೀಲದಲ್ಲಿ ಫೋನ್ ಹೊಡೆದುಕೊಂಡಿತು.

"ಮರಿ, ಎಲ್ಲಿದ್ದೀಯೇ? ಬಾಗಿಲಲ್ಲಿ ಯಾರೋ ಹೆಂಗಸು ನಿಂತಿದ್ದಾಳೆ. ಬೇಗ ಬಾ, ನನಗೆ ಭಯ ಆಗ್ತಿದೆ."

ಒಳಗಿನ ದನಿಯೂ ಫೋನಿನ ದನಿಯೂ ಒಟ್ಟಿಗೆ ಕೇಳಿದವು. ಬಾಗಿಲಿಗೆ ಹಣೆ ಹಚ್ಚಿ, ತನ್ನ ತಾಯಿ ಯಾರಿಗೆ ಹೆದರುತ್ತಿದ್ದಾಳೆಂದು ಅವಳು ಕೇಳಿಸಿಕೊಂಡಳು.

ವೈದ್ಯರು ಅಮ್ಮನ ತಲೆಯ ಚಿತ್ರ ತೆಗೆದು ನೋಡಿದರು. ಏನೂ ತೊಂದರೆಯಿಲ್ಲ ಎಂದರು. ಹಾಲಿನವನು, ಪಕ್ಕದ ಮನೆಯ ಮಗು, ಮಗಳ ಇಪ್ಪತ್ತು ವರ್ಷ ಹಿಂದಿನ ಸಹಪಾಠಿ, ಅಮ್ಮನಿಗೆ ಎಲ್ಲರೂ ಗೊತ್ತು. ಗೋಡೆಯ ಮೇಲಿನ ಫೋಟೋ ತೋರಿಸಿದರೆ, "ನನ್ನ ಪಕ್ಕ ಇದ್ಯಾರು?" ಎನ್ನುತ್ತಿದ್ದಳು. ಆ ಮೊದಲ ರಾತ್ರಿಯೇ ಉಪನ್ಯಾಸಕಿ ಮೆಟ್ಟಿಲೇರಿ ಮಹಡಿಗೆ ಹೋಗಿ ಫೋನು ಮಾಡಿ, "ನೋಡ್ಕೊಳ್ಳೋಕೆ ಒಬ್ಬರನ್ನ ಕಳಿಸಿದ್ದೀನಮ್ಮ, ಒಳಗೆ ಬಿಟ್ಕೋ" ಎಂದಿದ್ದಳು. ತನ್ನ ಮನೆಯೊಳಗೆ ಹೀಗೆ ಕೆಲಸದವಳಾಗಿ ಕಾಲಿಟ್ಟಿದ್ದಳು.

ನಾಲ್ಕನೆಯ ದಿನ ಬಸ್ ನಿಲ್ದಾಣದ ಗೋಡೆಯೆದುರು ನಿಂತಳು. ಚೌಕಾಕಾರದ ಖಾಲಿ ಜಾಗ ಹಾಗೇ ಇತ್ತು. ಅಂಟಿಸುವವನು ಬಕೆಟ್ ಕೆಳಗಿಟ್ಟ. ಬೈಯುತ್ತಾನೆಂದುಕೊಂಡಿದ್ದಳು. ಅವನು ಬೈಯಲಿಲ್ಲ.

"ಹೋದ ಗುರುವಾರ ದೂರದ ಬಸ್ಸಿಂದ ಒಬ್ಬ ಹೆಂಗಸು ಇಳಿದು ಓಡಿ ಬಂದ್ಲು ಮೇಡಂ. 'ಎರಡು ತಿಂಗಳ ಹಿಂದೆ ಇಲ್ಲೊಂದು ಹುಡುಗಿ ಪಟ ಇತ್ತಲ್ಲ, ಗಲ್ಲದ ಮೇಲೆ ಮಚ್ಚೆ, ಆ ಹುಡುಗೀನ ನಾನು ನೋಡಿದ್ದೀನಿ, ನಂಬರ್ ಬೇಕು' ಅಂದ್ಲು. ಗೋಡೇನ ಕೈಯಲ್ಲಿ ಸವರಿ ನೋಡಿದ್ಲು. ಹೊಲಿಗೆಯಕ್ಕ ಜ್ವರದಲ್ಲಿ ಮಲಗಿ ತಿಂಗಳಾಗಿತ್ತು, ಹೊಸದು ಅಂಟಿಸಿರಲಿಲ್ಲ. ನಂಬರ್ ನನಗೇನು ಗೊತ್ತು? ಅವಳ ಮನೆಗೆ ಓಡಿ ಕೇಳ್ಕೊಂಡು ಬರೋಷ್ಟರಲ್ಲಿ ಬಸ್ ಹೊರಟುಬಿಟ್ಟಿತ್ತು."

ಕಿವಿಯೊಳಗೆ ಕುಂಚದ ಸದ್ದು. ಚಪ್. ಚಪ್. ಆ ನಂಬರು ಅವಳ ಕಣ್ಣಿಗೆ ಚಂದ ಕಂಡಿರಲಿಲ್ಲ.

ಮುಂದಿನ ಎರಡು ದಿನ, ಹಂಚಿದ ತುಂಡುಗಳನ್ನು ಮರಳಿ ಕೇಳಲು ಒಂಬತ್ತು ಮನೆಗಳ ಬಾಗಿಲು ತಟ್ಟಿದಳು. ಪ್ರತಿ ಮನೆಯಲ್ಲೂ ಮೊದಲಿನಿಂದ ಹೇಳಬೇಕಾಯಿತು. ಮೊದಲ ಮನೆಯಲ್ಲಿ 'ಗೊತ್ತಾಗಲಿಲ್ಲ' ಎಂದಳು. ಮೂರನೆಯದರಲ್ಲಿ 'ಗೊತ್ತಿತ್ತು, ಯೋಚಿಸಲಿಲ್ಲ' ಎಂದಳು. ಒಂಬತ್ತನೆಯ ಹೊತ್ತಿಗೆ ನಿಜ ಬಂದಿತ್ತು: "ಗೊತ್ತಿತ್ತು. ನಿಮ್ಮೆಲ್ಲರ ಮುಂದೆ ದೊಡ್ಡವಳಾಗಬೇಕಿತ್ತು." ಆ ಮನೆ ಗೋಂದು ಮಾಮನದು. ಅವನು ಕೆಟಲ್ಲಿನ ಹಬೆಗೆ ತನ್ನ ಕೃತಿಯನ್ನು ಹಿಡಿದು, ಗಲ್ಲದ ತುಂಡನ್ನು ಮೆಲ್ಲಗೆ ಬಿಡಿಸಿ ಅವಳ ಅಂಗೈಮೇಲಿಟ್ಟ.

"ನಾನು ಕೇಳಿದ್ದೆನಲ್ಲಮ್ಮ, ಯಾರು ಅಂತ."

ಅವನ ಕಣ್ಣು ಅವಳ ಮುಖಕ್ಕೆ ಬರಲಿಲ್ಲ. ಅವನ ಹೆಂಡತಿ ತಂದಿಟ್ಟ ನೀರಿನ ಲೋಟವನ್ನು ಮುಟ್ಟಲು ಅವಳಿಗೆ ಮುಖವಿರಲಿಲ್ಲ.

ಹೊಲಿಗೆಯಕ್ಕನ ಕೋಣೆ ಬಟ್ಟೆಯ ಧೂಳಿನಿಂದ ಮಬ್ಬಾಗಿತ್ತು. ಕಿಟಕಿಗೆ ದಪ್ಪ ಪರದೆ. ಸೀಮೆಎಣ್ಣೆ ಒಲೆಯ ಮೇಲೆ ಅಂಟು ಗುಳುಗುಳು ಕುದಿಯುತ್ತಿತ್ತು. ಹೊಲಿಗೆಯಕ್ಕ ತನ್ನ ಜಡೆಯಿಂದ ಒಂದೊಂದೇ ಕೂದಲು ಎಳೆದು, ಜ್ವಾಲೆಗೆ ಹಿಡಿದು, ಬೂದಿಯನ್ನು ಪಾತ್ರೆಗೆ ಉದುರಿಸುತ್ತಿದ್ದಳು. ತಲೆಯ ಒಂದು ಪಕ್ಕ ಬೋಳಾಗಿತ್ತು.

ಉಪನ್ಯಾಸಕಿ ರಟ್ಟಿನ ಮೇಲೆ ಜೋಡಿಸಿ ಅಂಟಿಸಿದ್ದ ಮುಖವನ್ನು ಮುಂದಿಟ್ಟಳು. ಹೊಲಿಗೆಯಕ್ಕ ಬೆರಳಿನಿಂದ ಕೆಳಗಿನ ಅಂಚು ತಡವಿದಳು.

"ನಂಬರ್ ಎಲ್ಲಿ?"

ಉಪನ್ಯಾಸಕಿ ನೆಲದ ಮೇಲೆ ಕುಸಿದಳು. "ಅಕ್ಕ, ನನ್ನದು ತಪ್ಪು. ತೆಗೆದುಬಿಡಿ ಇದನ್ನ. ನಮ್ಮಮ್ಮ ಏನೂ ಮಾಡಿಲ್ಲ."

"ನಾನೇನು ಮಾಡಿದ್ದೆ?" ಎಂದಳು ಹೊಲಿಗೆಯಕ್ಕ. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಹಾಕೋದು ಕಲಿತೆ. ತೆಗೆಯೋದು ಯಾರೂ ಕಲಿಸಲಿಲ್ಲ. ನನ್ನ ಮಗಳ ಗುರುತು ಯಾರಿಗಾದ್ರೂ ಸಿಕ್ಕಿ ಅವಳು ಮನೆಗೆ ಬಂದ ದಿನ ನಿನ್ನದೂ ಸಿಗುತ್ತೇನೋ. ಗೊತ್ತಿಲ್ಲ." ಹೊಸದಾಗಿ ಅಚ್ಚಾದ ಪೋಸ್ಟರುಗಳ ಕಟ್ಟನ್ನು ಅವಳ ಮಡಿಲಿಗೆ ನೂಕಿದಳು. "ಹಿಡಿ. ಅಂಟಿಸು."

ಕಟ್ಟು ಹೊತ್ತು ಮನೆಗೆ ಬಂದಳು. ಹೊರಗೆ ಮೋಡ ಕವಿದಿತ್ತು. ಒಳಗೆ ದೀಪ ಹಾಕಿರಲಿಲ್ಲ. ಕಟ್ಟು ಮೇಜಿನ ಮೇಲಿಟ್ಟಳು. ದಾರ ಸಡಿಲವಾಗಿತ್ತು. ಒಂದು ಹಾಳೆ ಜಾರಿತು. ನೆಲದ ಮೇಲೆ ಹರಡಿತು. ಅಮ್ಮ ಬಗ್ಗಿದಳು. ನೋಡಿದಳು. ಕನ್ನಡಕ ಒರೆಸಲಿಲ್ಲ.

"ಮರಿ!"

ಉಪನ್ಯಾಸಕಿ ಒಂದು ಹೆಜ್ಜೆ ಮುಂದಿಟ್ಟಳು. "ಅಮ್ಮ?"

ಅಮ್ಮ ತಿರುಗಲಿಲ್ಲ. ಹಾಳೆಯನ್ನು ಎತ್ತಿದಳು. ಗಲ್ಲದ ಮಚ್ಚೆ ಸವರಿದಳು. ಮುತ್ತಿಟ್ಟಳು. ಎದೆಗೊತ್ತಿಕೊಂಡಳು. ಅವಳ ತುಟಿಗೆ ಕಪ್ಪು ಶಾಯಿ ಹತ್ತಿತು.

"ನನ್ನ ಮಗಳು. ನನ್ನ ಮಗಳು ಕಣಮ್ಮ ಇದು. ಕಾಣೆಯಾಗಿದ್ದಾಳಾ? ಯಾರೂ ನನಗೆ ಹೇಳಲೇ ಇಲ್ಲವಲ್ಲ!"

"ಅದು ನಾನಲ್ಲಮ್ಮ. ನಾನು ಇಲ್ಲಿದ್ದೀನಿ. ಇಲ್ಲಿ ನೋಡು."

ಅಮ್ಮ ನೋಡಿದಳು. ಗೋಡೆಯನ್ನು ನೋಡಿದ ಹಾಗೆ. ಉಪನ್ಯಾಸಕಿ ಕೆನ್ನೆ ಮುಟ್ಟಿಕೊಂಡಳು. ಬಿಗಿ. ಒಣ. ಉಗುರಿಗೆ ಒಂದು ಅಂಚು ಸಿಕ್ಕಿತು. ಎಳೆಯಲು ಧೈರ್ಯವಾಗಲಿಲ್ಲ.

ಈಗ ದಿನಾ ಬೆಳಿಗ್ಗೆ ಇಬ್ಬರು ಹೆಂಗಸರು ಬಸ್ ನಿಲ್ದಾಣದ ಗೋಡೆಗೆ ಬರುತ್ತಾರೆ. ಇಬ್ಬರದೂ ಒಂದೇ ಮಗಳು. ಹೊಲಿಗೆಯಕ್ಕ ಇದಕ್ಕೆ ತಕರಾರು ಮಾಡಲಿಲ್ಲ. ಹುಡುಕುವ ಕಣ್ಣು ಎಷ್ಟಿದ್ದರೂ ಬೇಕು. ಒಬ್ಬಳು ಅಂಟು ಬಳಿಯುತ್ತಾಳೆ, ಇನ್ನೊಬ್ಬಳು ಹಾಳೆಯ ಸುಕ್ಕು ನೀವುತ್ತಾಳೆ. ಹಿಂದೆ ಬಕೆಟ್ ಹಿಡಿದು ಮೂರನೆಯವಳು.

"ಈಕೆ ಯಾರಮ್ಮ?" ಎಂದು ಒಮ್ಮೆ ಒಬ್ಬ ಕಂಡಕ್ಟರ್ ಕೇಳಿದ.

"ಯಾರೋಪ್ಪ, ಗೊತ್ತಿಲ್ಲ" ಎಂದಳು ಅಮ್ಮ. "ಪಾಪ, ಒಳ್ಳೆಯವಳು. ನನ್ನ ಮಗಳನ್ನ ಹುಡುಕೋಕೆ ದಿನಾ ನನ್ನ ಜೊತೆ ಬರ್ತಾಳೆ."

ಏಣಿಯ ಮೇಲಿದ್ದ ಅಂಟಿಸುವವನು ಮುಖ ತಿರುಗಿಸಿಕೊಂಡ. 'ಒಳ್ಳೆಯವಳು' ಬಕೆಟ್ಟಿನೊಳಗೆ ನೋಡುತ್ತ ನಿಂತಳು. ಬೂದಿ ಬೆರೆತ ಅಂಟು ನಿಧಾನ ಗುಳ್ಳೆಯೇಳುತ್ತಿತ್ತು.

ಕೆಲಸ ಮುಗಿದ ಮೇಲೆ ಅಮ್ಮ ಸೊಂಟದಿಂದ ಫೋನ್ ತೆಗೆದು ದಿನವೂ ಒತ್ತುವ ನಂಬರು ಒತ್ತಿದಳು. ಮೂರು ಹೆಜ್ಜೆ ಹಿಂದೆ ಉಪನ್ಯಾಸಕಿಯ ಕೈಚೀಲ ನಡುಗಿತು. ಅವಳು ಅಲ್ಲೇ ನಿಂತಿದ್ದ ಒಂದು ಬಸ್ಸಿನ ಮರೆಗೆ ಸರಿದು ಎತ್ತಿಕೊಂಡಳು.

"ಎಲ್ಲಿದ್ದೀಯೇ ಮರಿ?"

"ಇಲ್ಲೇ ಇದ್ದೀನಮ್ಮ."

"ಇಲ್ಲೇ ಅಂದ್ರೆ?" ಅಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದು ಸುತ್ತ ತಿರುಗಿದಳು. ಬಸ್ಸುಗಳನ್ನು ನೋಡಿದಳು. ಇಳಿಯುವವರನ್ನು ನೋಡಿದಳು. ಬಸ್ಸಿನ ಮರೆಯಿಂದ ಅರ್ಧ ಹೊರಗೆ ನಿಂತಿದ್ದ ಮುಖದ ಮೇಲೆ ಅವಳ ಕಣ್ಣು ಒಂದು ಗಳಿಗೆ ನಿಂತಿತು. ಬಕೆಟ್ ತಗೊಂಡು ಹೊರಡು ಎಂಬಂತೆ ಅವಳಿಗೆ ಕೈಸನ್ನೆ ಮಾಡಿ, ಮತ್ತೆ ಗೋಡೆಯ ಕಡೆಗೆ ತಿರುಗಿ ಹಾಳೆಯ ಮೇಲಿನ ಹುಡುಗಿಯನ್ನು ನೇವರಿಸತೊಡಗಿದಳು.