ಸಿಂಗಾಪುರಕ್ಕೆ ಹೋದ ಹಿಟ್ಟಿನ ಚೀಲ

ಬೆನ್ನ ಹಿಂದೆ ಕಬ್ಬಿನ ಗರಿ ಸರಕ್ಕೆಂದಿತು.

ಲಖನ ಹತ್ತಿರ ಬಂದುಬಿಟ್ಟಿದ್ದ. ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ!

ಮಮದಾಪುರದ ಹೊಲ. ಮಧ್ಯಾಹ್ನ ಹನ್ನೆರಡು. ಮೂಡಲಗಿಯಿಂದ ಇಲ್ಲಿಯವರೆಗೂ ಅವನ ಜೀಪು ನನ್ನನ್ನು ಅಟ್ಟಿಸಿಕೊಂಡು ಬಂದಿತ್ತು. ಎರಡು ಕಬ್ಬಿನ ಟ್ರ್ಯಾಕ್ಟರ್‌ಗಳ ನಡುವೆ ಸ್ಕೂಟಿ ನುಗ್ಗಿಸಿದೆ... ಮೂರನೆಯದು ಅಡ್ಡ ನಿಂತಿತ್ತು. ಗಾಡಿ ಬಿಟ್ಟು ಓಡಿದೆ.

ಕಾಲು ಬದುವಿಗೆ ಎಡವಿತು. ಬಿದ್ದೆ.

ಕೊಯ್ತಾ ಕುತ್ತಿಗೆಗೆ ತಾಗಿತು. ತಣ್ಣಗಿತ್ತು.

"ಫೋನ್ ಕೊಡ."

"ಕೊಡ್ತೇನೋ ಲಖನಾ... ಅದನ್ನ ಆಕಡೆ ಹಿಡಿ."

"ಮದಲ ಫೋನ್!"

ಕೊಟ್ಟೆ. ಇರುವುದು ಒಂದೇ ಕುತ್ತಿಗೆ. ವಾದ ಮಾಡಬಾರದು.

ನಾನು ಐಶ್ವರ್ಯ. ಹುಕ್ಕೇರಿಯಲ್ಲಿ ಒಂದು ಟೇಬಲ್ಲು, ಎರಡು ಕುರ್ಚಿ. ಪಾಸ್‌ಪೋರ್ಟಿನ ಓಡಾಟ, ಕಳೆದ ಕಾಗದ, ಓಡಿಹೋದ ಅಳಿಯ... ಏನಿದ್ದರೂ ಹುಡುಕಿಕೊಡುತ್ತೇನೆ. ಈ ಸಲದ ಕೇಸು ಮಾತ್ರ ನನ್ನದೇ.

ಬಾಳವ್ವ. ನನ್ನ ಚಿಗವ್ವ. ಅವ್ವ ಸತ್ತ ಮೇಲೆ ಘೋಡಗೇರಿಯಲ್ಲಿ ನನ್ನನ್ನು ಸಾಕಿದವಳು. ಹನ್ನೊಂದು ದಿನದಿಂದ ಸಿಂಗಾಪುರದ ಲಾಕಪ್ಪಿನಲ್ಲಿದ್ದಾಳೆ!

ಹೇಗೆ ಅಂತೀರಾ?

ನಮ್ಮ ಕಡೆಯ ಗೊಬ್ಬರದ ಡೀಲರ್‌ಗಳನ್ನು ಕಂಪನಿಗಳು ಫಾರಿನ್ ಟೂರಿಗೆ ಕಳಿಸುತ್ತವೆ. ಬಾಲಿ, ಪುಕೆಟ್, ದುಬೈ, ಸಿಂಗಾಪುರ. ಸಮುದ್ರ ನೋಡಿ ನೋಡಿ ಅರ್ಧ ಗಂಟೆಯಲ್ಲಿ ಬೇಸರ ಬರುತ್ತದೆ. ರೊಟ್ಟಿ ಇಲ್ಲದಿದ್ದರೆ ಹತ್ತೇ ನಿಮಿಷ! ಅದಕ್ಕೇ ಟೂರ್ ಏಜೆಂಟ್ ರೊಟ್ಟಿ ಬಡಿಯುವ ಹೆಂಗಸೊಬ್ಬಳನ್ನು ಜೊತೆಗೆ ಒಯ್ಯುತ್ತಾನೆ. ಕಾಗದದ ಮೇಲೆ ಅವಳೂ ಪ್ರವಾಸಿ. ಹಿಟ್ಟಿನ ಚೀಲ ಅವಳ ಹೆಸರಿಗೆ.

ಮೂಡಲಗಿಯ ಏಜೆಂಟ್ ಶ್ರೀಶೈಲ ಆ ಚೀಲದಲ್ಲಿ ಜೋಳದ ಹಿಟ್ಟಿನ ಕೆಳಗೆ ಎರಡು ಕಿಲೋ ಗಸಗಸೆ ಇಟ್ಟಿದ್ದ. ಡೀಲರ್‌ಗಳಿಗೆ ಪಾಯಸ ಬೇಕಿತ್ತು. ನಮ್ಮಲ್ಲಿ ಅದು ಕಿರಾಣಿ ಸಾಮಾನು. ಅಲ್ಲಿ ಅಫೀಮಿನ ಜಾತಿ! ಅವನಿಗೆ ಗೊತ್ತಿತ್ತು. ಚಿಗವ್ವನಿಗೆ ಗೊತ್ತಿರಲಿಲ್ಲ.

ಕಸ್ಟಮ್ಸಿನವರು ಚೀಲ ಬಿಚ್ಚಿದಾಗ ಅವಳು ಬೆರಳು ತೋರಿಸಿದಳು. "ಅವ್ರ ತುಂಬಿಸಿಕೊಟ್ಟಾರ್ರಿ!"

ಶ್ರೀಶೈಲ ಅವಳ ಮುಖ ನೋಡಲಿಲ್ಲ. ಚೀಲ ಅವಳದು, ಒಳಗೇನಿದೆಯೋ ನನಗೇನು ಗೊತ್ತು ಎಂದ. ಟೂರಿನ ಬಾವುಟ ಎತ್ತಿಕೊಂಡು ನಡೆದ.

ಅದನ್ನು ಕೇಳಿದ ದಿನವೇ ನಿರ್ಧರಿಸಿದೆ. ಚಿಗವ್ವ ಮಲಗಿದ ನೆಲದ ಮೇಲೆ ಇವನೂ ಮಲಗಬೇಕು. ಅಲ್ಲೇ! ಇಲ್ಲಿ ಕೇಸು ಹಾಕಿದರೆ ಜಾಮೀನು ತಗೊಂಡು ಮನೆಗೆ ಬಂದು ಉಂಡು ಮಲಗುತ್ತಾನೆ.

ಶ್ರೀಶೈಲನ ಬಂಟ ಈ ಲಖನ. ನನ್ನನ್ನು ಜೀಪಿಗೆ ತುಂಬಿದ. ಮೂಡಲಗಿ. ಶ್ರೀಶೈಲನ ಆಫೀಸು. ನಾಲ್ಕೂ ಗೋಡೆಗೆ ನೀಲಿ ಸಮುದ್ರ, ಬಿಳಿ ಮರಳು.

"ಬರ್ರಿ ಮೇಡಮ್ಮಾರ! ಎಲ್ಲಿಗ್ ಹೊಂಟಿದ್ರಿ? ಮಾಲ್ಡೀವ್ಸಿಗೇನ?"

"ಗೋಕಾಕಕ್ಕ. ವಕೀಲರ ಕಡೆ."

ಶ್ರೀಶೈಲ ನನ್ನ ಫೋನಿನಲ್ಲಿ ವಿಡಿಯೋ ಹಚ್ಚಿದ. ಸತ್ಯಪ್ಪನ ಹಿಟ್ಟಿನ ಗಿರಣಿ. ಶ್ರೀಶೈಲನೇ ಗಸಗಸೆ ಸುರಿಯುತ್ತಾನೆ. ಮೇಲೆ ಹಿಟ್ಟು ಮುಚ್ಚುತ್ತಾನೆ. ದಬ್ಬಣದಿಂದ ಚೀಲದ ಬಾಯಿ ಹೊಲಿಯುತ್ತಾನೆ.

"ಗಿರಣ್ಯಾಗ ಕ್ಯಾಮೆರಾ ಐತಂತ ಗೊತ್ತ ಇರಲಿಲ್ಲ ನೋಡ. ಲಖನಾ, ಅಲ್ಲಿದು?"

"ಕ್ಯಾಮೆರಾದ ಮಶೀನ್ ಪುಡಿ ಪುಡಿ ಮಾಡೇನ್ರಿ ಅಣ್ಣಾರ."

ಮೇಜಿನ ಮೇಲೆ ಸಿಂಗಾಪುರದ ಸಿಂಹದ ಮೂರ್ತಿ. ಮೀನಿನ ಬಾಲ. ಶ್ರೀಶೈಲ ಅದನ್ನು ಎತ್ತಿ ನನ್ನ ಫೋನಿನ ಮೇಲೆ ಬಡಿದ. ಒಮ್ಮೆ. ಎರಡು ಸಲ. ಮೂರು!

"ಬ್ಯಾರೆ ಯಾರಿಗರ ಕಳಿಸೀಯೇನ?"

"ಇಲ್ರಿ."

"ಲಿಂಗ ಹಿಡದ ಹೇಳ."

ಕಿಸಿಯುತ್ತಿದ್ದ ಲಖನನ ಹಲ್ಲು ಒಳಗೆ ಹೋದವು.

ನಮ್ಮ ಮನೆತನಗಳಲ್ಲಿ ಅದು ಕೊನೆಯ ಮಾತು. ಇಷ್ಟಲಿಂಗ ಅಂಗೈಯಲ್ಲಿಟ್ಟು ಹೇಳಿದ್ದನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಹೆತ್ತವರನ್ನೂ ನಂಬದ ಶ್ರೀಶೈಲ ಅದನ್ನು ನಂಬುತ್ತಾನೆ.

ಕೊರಳಿನ ಕರಡಿಗೆ ಬಿಚ್ಚಿದೆ. ಲಿಂಗ ಅಂಗೈಗೆ ಬಂತು. ಕಣ್ಣಿಗೆ ಒತ್ತಿಕೊಂಡೆ. ಅದು ನಟನೆಯಲ್ಲ.

"ಯಾರಿಗೂ ಕಳಿಸಿಲ್ಲ. ಇದೊಂದ ಇತ್ತು."

ಆಮೇಲೆ ಅವನ ಕಾಲಿಗೆ ಬಿದ್ದೆ. ಅತ್ತೆ. ಜೋರಾಗಿ!

"ನಮ್ಮ ಚಿಗವ್ವನ್ನ ಬಿಡಿಸ್ರಿ ಅಣ್ಣಾ..."

"ನಾಳೆ ನಲವತ್ತ ಮಂದೀನ ಕರಕೊಂಡ ಅಲ್ಲಿಗೇ ಹೊಂಟೇನಿ. ಭೇಟಿ ಆದ್ರ ನಿನ್ನ ನಮಸ್ಕಾರ ಮುಟ್ಟಸ್ತೇನಿ, ಏಳ!"

ಇಬ್ಬರೂ ನಕ್ಕರು. ನಾನು ಮೂಗು ಒರೆಸುತ್ತಾ ಹೊರಗೆ ಬಂದೆ.

ಈಗ ಕೇಳಿ.

ಬೆಳಿಗ್ಗೆ ಹತ್ತೂವರೆಗೇ ಆ ವಿಡಿಯೋ ಸತ್ಯಪ್ಪನ ಕಂಪ್ಯೂಟರಿನಿಂದ ಸಿಂಗಾಪುರಕ್ಕೆ ಹೋಗಿತ್ತು. ಚಿಗವ್ವನ ವಕೀಲರಿಗೆ. ಅವರು ಅದನ್ನು ಅಲ್ಲಿಯ ಪೊಲೀಸರ ಕೈಗೆ ಕೊಟ್ಟಿದ್ದರು. ಉಳಿದದ್ದು ಒಂದೇ ಕೆಲಸ. ಶ್ರೀಶೈಲ ವಿಮಾನ ಹತ್ತಬೇಕು! ಆದರೆ ನಾನು ಗಿರಣಿಯಿಂದ ಹೊರಬಿದ್ದದ್ದನ್ನು ಲಖನ ನೋಡಿಬಿಟ್ಟಿದ್ದ. ಚೂರು ಅನುಮಾನ ಬಂದರೂ ಹತ್ತುತ್ತಿರಲಿಲ್ಲ. ತಾನು ಗೆದ್ದೆ ಎಂದು ಅವನಿಗೆ ಅನ್ನಿಸಬೇಕಿತ್ತು. ಅದಕ್ಕೇ ಓಡಿದೆ, ಸಿಕ್ಕಿಬಿದ್ದೆ, ಅತ್ತೆ.

ಓಡಿದ್ದು ಪೂರ್ತಿ ನಾಟಕವಲ್ಲ. ಕೊಯ್ತಾ ಹರಿತವಾಗಿತ್ತು.

ಶ್ರೀಶೈಲ ಹತ್ತಿದ.

ಅಲ್ಲಿ ಇಳಿದ ಮೇಲೆ ಕೌಂಟರಿನ ಅಧಿಕಾರಿ ಪಾಸ್‌ಪೋರ್ಟ್ ನೋಡಿದರಂತೆ. ಕಂಪ್ಯೂಟರ್ ನೋಡಿದರಂತೆ. ಮತ್ತೆ ಇವನ ಮುಖ. ಎರಡೂ ಕಡೆ ಪೊಲೀಸರು ಬಂದು ನಿಂತರು. ಶ್ರೀಶೈಲ ಹಿಂದೆ ಸಾಲುಗಟ್ಟಿದ್ದ ಡೀಲರ್‌ಗಳತ್ತ ತಿರುಗಿದ.

"ನಾ ಎಂಥಾಂವ ಅಂತ ನೀವರ ಹೇಳ್ರಿ!"

ನಲವತ್ತು ಜನ. ಒಬ್ಬರಿಗೂ ಅವನ ಪರಿಚಯವಿರಲಿಲ್ಲ!

ಒಂದು ವಾರಕ್ಕೆ ಚಿಗವ್ವ ಬಂದಳು. ಕೈಯ ಬಳೆ ಮೊಣಕೈವರೆಗೆ ಜಾರುತ್ತಿದ್ದವು.

"ಲಿಂಗ ಹಿಡದ ಸುಳ್ಳ ಹೇಳಿದೆಂತ?"

"ಹೂಂ."

ಕೆನ್ನೆಗೆ ಒಂದು ಬಿಟ್ಟಳು. ಒಲೆಯ ಮುಂದೆ ಕೂತಳು. "ಉಂಡಿಯೋ ಇಲ್ಲೋ?"

ಎರಡನೇ ರೊಟ್ಟಿ ಮುರಿಯುವಾಗ ಹೊಸ ಫೋನ್ ಬಡಿದುಕೊಂಡಿತು. ಲಕ್ಷ್ಮೀ. ಶ್ರೀಶೈಲನ ಹೆಂಡತಿ. ಹೋದವರನ್ನು ನಾನು ಹುಡುಕಿಕೊಡುತ್ತೇನೆಂದು ಯಾರೋ ನಂಬರ್ ಕೊಟ್ಟಿದ್ದರಂತೆ.

"ಐದ ದಿನದ ಟೂರಂತ ಹೇಳಿ ಹೋಗ್ಯಾರ್ರಿ... ನಮ್ಮನಿಯವರ ವಾಪಸ್ ಬರೂದು ಯಾವಾಗ್ರಿ?"

ರೊಟ್ಟಿ ಅಗಿದು ನುಂಗಿದೆ. ಅವಸರವೇನಿರಲಿಲ್ಲ.

"ಈ ಸಲ ತಾರೀಖ್ ಏಜೆಂಟ್ ಹಾಕೂದಿಲ್ರಿ ಅಕ್ಕಾರ... ಜಡ್ಜ್ ಹಾಕ್ತಾರ!"